ಬಿಟ್ಟ ಹನ್ನೊಂದು ಅಧ್ಯಾಯ

ಸೆಪ್ಟೆಂಬರ್ 14

ಒಣಮೀನು ತಿರುವಿ ಹಾಕಿ ಬಂದೆ. ಮೊಮ್ಮಗಳು ಮರಿವಿಕ್ ಇನ್ನೂ ಓದಲು ಕುಳಿತಿಲ್ಲ, ಪುಸ್ತಕಗಳನ್ನು ಎರಡು ಗುಡ್ಡೆ ಮಾಡುತ್ತಿದ್ದಾಳೆ. ಒಂದು ಮೇಜಿನ ಮೇಲೆ, ಇನ್ನೊಂದು ಮಂಚದ ಕೆಳಗೆ.

"ಅದ್ಯಾಕೆ ಕೆಳಗೆ?"

"ನೀರಿನ ವಿಷಯ ಅಜ್ಜಿ, ಅಣೆಕಟ್ಟು, ತಡೆಗೋಡೆ ಇಂಥವು. ಹದಿನಾರು ಅಧ್ಯಾಯ. ಐದು ಓದ್ತೀನಿ, ಹನ್ನೊಂದು ಬಿಡ್ತೀನಿ."

"ಬಿಡ್ತೀಯಾ?"

"ಇರೋದು ಎಂಟು ವಾರ. ಮೂರು ವಿಷಯ ಸೇರಿ ಸರಾಸರಿ ಎಪ್ಪತ್ತು ಬಂದ್ರೆ ಇಂಜಿನಿಯರ್ ಲೈಸೆನ್ಸು. ಯಾವುದೂ ಐವತ್ತಕ್ಕಿಂತ ಕೆಳಗೆ ಹೋಗಬಾರದು, ಅಷ್ಟೇ. ನೀರಲ್ಲಿ ಐವತ್ತೈದು ಸಾಕು. ಗಣಿತ, ಕಟ್ಟಡದಲ್ಲಿ ಎಳ್ಕೊಳ್ತೀನಿ. ಕೋಚಿಂಗ್‌ನಲ್ಲೇ ಹಂಗೆ ಹೇಳಿದ್ದು."

ಐವತ್ತೈದು ಸಾಕಂತೆ! ಸಮುದ್ರದಿಂದ ನಲವತ್ತು ಹೆಜ್ಜೆ ದೂರದಲ್ಲಿ ಹುಟ್ಟಿದವಳು. ಇವಳಿಗೆ ಮೂರು ವರ್ಷವಿದ್ದಾಗ ಚಂಡಮಾರುತ ತಡೆಗೋಡೆ ಒಡೆದು ನಮ್ಮ ಅಡುಗೆಮನೆ ಒಯ್ದಿತು. ಆ ಗೋಡೆ ಕಟ್ಟಿದವನೂ ಐವತ್ತೈದರವನೇ ಇರಬೇಕು.

ಸೆಪ್ಟೆಂಬರ್ 15

ಮಂಚದ ಕೆಳಗಿನ ಪುಸ್ತಕ ಎಳೆದು ಮೇಜಿನ ಮೇಲಿಟ್ಟೆ. ಹನ್ನೊಂದೂ ಓದಿಸುತ್ತೇನೆ. ಹೈಸ್ಕೂಲು ಮುಗಿಸಿದವಳು ನಾನು. ಪ್ರಶ್ನೆ ಓದಬಲ್ಲೆ, ಉತ್ತರ ಪುಸ್ತಕದ ಕೊನೆಯಲ್ಲಿದೆ. ದಿನಾ ಗಂಜಿಗೆ ಮೊದಲು ಇಪ್ಪತ್ತು ಪ್ರಶ್ನೆ.

"ಅಜ್ಜಿ, ಇದು ಬರೀ ಪರೀಕ್ಷೆ. ಗೋಡೆ ಆಮೇಲೆ ಕಟ್ಟೋಣ."

"ಆಮೇಲೆ ಯಾರೂ ಓದಲ್ಲ ಕಣೇ. ಲೈಸೆನ್ಸು ಬಂದ ಮೇಲೆ ಪುಸ್ತಕ ಮೀನು ಸುತ್ತೋಕೆ."

ಅಕ್ಟೋಬರ್ 9

ಬರೆಯಲು ಬಿಡುವಿಲ್ಲ. ಪ್ರಶ್ನೆ ಕೇಳುವುದರಲ್ಲೇ ಬೆಳಗು ಹೋಗುತ್ತದೆ... ಪಕ್ಕದ ಮನೆ ಕೊನ್ಸೋಲಾ ಬೇಲಿಯಾಚೆಯಿಂದ, "ಏನಕ್ಕಾ, ಪರೀಕ್ಷೆ ಬರೆಯೋಳು ಅವಳೋ ನೀನೋ? ಪಾಸಾದ ಬ್ಯಾನರಿಗೆ ಯಾರ ಫೋಟೋ ಹಾಕಿಸ್ಲಿ?"

"ನಿನ್ನದೇ ಹಾಕ್ಸು. ಬೇಲಿ ಇಣುಕೋದರಲ್ಲಿ ಫಸ್ಟು ಅಂತ."

ಮರಿವಿಕ್ ನಕ್ಕಳು. ಆಮೇಲೆ ಮೆಲ್ಲಗೆ, "ಕಟ್ಟಡದ್ದು ಇನ್ನೂ ಅರ್ಧ ಇದೆ ಅಜ್ಜಿ. ನೀರು ಇಲ್ಲಿಗೆ ನಿಲ್ಸೋಣ."

"ಇನ್ನು ನಾಲ್ಕೇ ಅಧ್ಯಾಯ. ಬಾಯಿ ಮುಚ್ಚಿ ಓದು."

ನವೆಂಬರ್ 7

ನಾಳೆ ತಾಕ್ಲೋಬಾನ್ ಪಟ್ಟಣದಲ್ಲಿ ಪರೀಕ್ಷೆ. ಚರ್ಚಿನಲ್ಲಿ ಪೆನ್ಸಿಲುಗಳಿಗೆ ಆಶೀರ್ವಾದ ಮಾಡಿಸಿದೆವು. ಮಂತ್ರಿಸಿದ ನೀರು ಇವಳ ಪೆನ್ಸಿಲಿಗೆ ಬೀಳಲೇ ಇಲ್ಲ. "ಇನ್ನೊಂದು ಸಲ ಹಾಕಿ ಫಾದರ್, ನೆನೀಲಿಲ್ಲ" ಎಂದೆ. ಹಾಕದೆ ಏನು ಮಾಡುತ್ತಾರೆ!

ಹನ್ನೊಂದೂ ಮುಗಿದಿವೆ. ಕಟ್ಟಡದ್ದು ಎಷ್ಟು ಉಳಿಯಿತೆಂದು ನಾನು ಕೇಳಲಿಲ್ಲ.

ನವೆಂಬರ್ 19

ಪಾಸಾದವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ.

ಪರೀಕ್ಷಾ ಮಂಡಳಿಗೆ ಪತ್ರ ಬರೆಯಲು ಕುಳಿತೆ. ನೀರಿನಲ್ಲಿ ಎಂಬತ್ತೈದು ತೆಗೆದವಳನ್ನು ಫೇಲು ಮಾಡುವುದು ಯಾವ ನ್ಯಾಯ? ಐವತ್ತೈದರವರು ಊರೂರಲ್ಲಿ ಗೋಡೆ ಕಟ್ಟಲಿ, ಇವಳು ಮನೆಯಲ್ಲಿ ಕೂರಲಿ, ಅಲ್ಲವೇ?

ಎರಡು ಸಾಲಿಗೆ ಪೆನ್ನು ನಿಂತಿತು. ಉಳಿದೆರಡರಲ್ಲೂ ಅರವತ್ತೊಂದು. ಸರಾಸರಿ ಅರವತ್ತೊಂಬತ್ತು.

ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ತಿರುಗಿಸಿ ಬಯ್ಯಬಹುದಿತ್ತು.

ನವೆಂಬರ್ 20, ಬೆಳಿಗ್ಗೆ 6

ಎದ್ದು ಬಂದು ಎದುರಿಗೆ ನಿಂತಳು. "ಏಪ್ರಿಲ್‌ನಲ್ಲಿ ಮತ್ತೆ ಇದೆ ಅಜ್ಜಿ. ಬರೀಲಾ?"

ಇಪ್ಪತ್ಮೂರು ವರ್ಷದವಳು, ನನ್ನ ಅಪ್ಪಣೆ ಕೇಳುತ್ತಿದ್ದಾಳೆ! ಸಿಟ್ಟು ನೆತ್ತಿಗೇರಿತು. ಯಾರ ಮೇಲೆ...

ಎಷ್ಟು ಓದಬೇಕೆಂದು ಈ ಸಲ ಅವಳೇ ಹೇಳಲಿ. ಅದಕ್ಕೆ ಮೊದಲು ನಾನೊಂದು ಮಾತು ಹೇಳಬೇಕು. ಅರವತ್ತೆಂಟು ವರ್ಷದಲ್ಲಿ ಯಾರಿಗೂ ಹೇಳಿದ್ದಿಲ್ಲ. ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಬಾಯಲ್ಲಿ—

ಮಗೂ, ನಾನು ತಪ್ಪು