ಎರಡು ಬ್ಯಾಟರಿಗಳ ಮೇಲಿನ ದೀಪ

ಶೆಡ್ಡಿನ ಹಿಂದಿನ ಮನೆ
ಮಾರ್ಚ್ ೬, ಗುರುವಾರ

ಪ್ರೀತಿಯ ಯಜಮಾನರಿಗೆ,

ಹೀಗೆ ಕರೆದರೆ ನಿಮಗೆ ನಗು ಬರುತ್ತದೆ ಅಂತ ಗೊತ್ತು. ಆದರೆ "ರೀ" ಅಂತ ಕೂಗುವುದಕ್ಕೆ ನೀವು ಎದುರಿಗಿರಬೇಕಲ್ಲ, ಕಾಗದದ ಮೇಲೆ ಕೂಗಿದರೆ ಯಾರಿಗೆ ಕೇಳುತ್ತದೆ? ಹೇಗಿದ್ದೀರಿ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಬೆನ್ನ ತುಂಬ ಬೆವರುಗುಳ್ಳೆ ಎದ್ದಿದೆ ಅಂದಿದ್ದಿರಿ, ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇಲ್ಲಿ ಅತ್ತೆ ಆರಾಮಾಗಿದ್ದಾರೆ. ಕಿವಿ ಇನ್ನಷ್ಟು ಮಂದವಾಗಿದೆ, ನಾಲಿಗೆ ಮಾತ್ರ ಮೊದಲಿನ ಹಾಗೇ ಇದೆ. ನಾನೂ ಚೆನ್ನಾಗಿದ್ದೇನೆ ಅಂತ ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ.

ಫೋನಿರುವಾಗ ಪತ್ರ ಯಾಕೆ ಅಂತ ಕೇಳಬೇಡಿ. ಫೋನಿನಲ್ಲಿ ನೀವು ಮೊದಲು ಗಾಡಿಗಳ ಆರೋಗ್ಯ ವಿಚಾರಿಸುತ್ತೀರಿ, ಆಮೇಲೆ ಅತ್ತೆಯದು. "ಮ್ಯಾನೇಜರ್ ನನ್ನ ಕೆಲಸ ಹಾಗೇ ಇಟ್ಟಿದಾರೆ ತಾನೇ?" ಅನ್ನುತ್ತೀರಿ. ನಾನು ಹೂಂ ಅನ್ನುವಷ್ಟರಲ್ಲಿ ಲೈನು ಕಡಿದುಹೋಗುತ್ತದೆ. ಎಂಟೇ ತಿಂಗಳು ಅಂತ ಹಡಗು ಹತ್ತಿದವರು ನೀವು. ಹೊರಡುವಾಗ "ನಾ ಬರೋವರೆಗೂ ಇವಳೇ ನೋಡ್ಕೋತಾಳೆ ಸಾರ್" ಅಂತ ಗಾಲ್ಫ್ ಮೈದಾನದ ಅಷ್ಟೂ ಬ್ಯಾಟರಿ ಗಾಡಿಗಳನ್ನು ನನ್ನ ಕೈಗೆ ಒಪ್ಪಿಸಿದಿರಿ. ಕೆಲಸ ಕಲಿಸಿದವರು ನೀವೇ, ಇಲ್ಲ ಅನ್ನುವುದಿಲ್ಲ. ಆದರೆ ಹಡಗಿನ ಕರಾರನ್ನು ಎರಡು ಸಲ ಮುಂದುವರಿಸಿದಿರಿ. ಈಗಿನದು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮನೆಗೆ ಬರುತ್ತೀರೋ ಮತ್ತೆ ಸಹಿ ಹಾಕುತ್ತೀರೋ, ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾತಾಡುತ್ತೀರಿ.

ಇರಲಿ, ಮೊದಲು ಗಾಡಿಯ ವಿಷಯ ಮುಗಿಸುತ್ತೇನೆ, ಇಲ್ಲದಿದ್ದರೆ ನಿಮಗೆ ಮುಂದೆ ಓದಲು ಮನಸ್ಸೇ ಬರುವುದಿಲ್ಲ. ನಿಮ್ಮ ಮುದ್ದಿನ ಹಸಿರು ಗಾಡಿ ಕೈಕೊಟ್ಟಿತು. ಸಂಜೆ ಆಟಕ್ಕೆ ಬರುವ ಹಲ್ಲಿನ ಡಾಕ್ಟರಮ್ಮನನ್ನು ಕೂರಿಸಿಕೊಂಡು ಹೋಗಿದ್ದು, ದೂರದ ಏರಿನಲ್ಲಿ ನಿಂತೇಬಿಟ್ಟಿತು. ಬೆಳಿಗ್ಗೆ ತಾನೇ ಚಾರ್ಜಿನಿಂದ ತೆಗೆದ ಗಾಡಿ! ಶೆಡ್ಡಿಗೆ ಎಳೆತಂದು ಸೀಟು ಎತ್ತಿ ಮೀಟರ್ ಹಿಡಿದೆ. ಆರು ಬ್ಯಾಟರಿಗಳಲ್ಲಿ ನಾಲ್ಕು ಗಟ್ಟಿಮುಟ್ಟಾಗಿದ್ದವು, ಕೊನೆಯ ಎರಡು ಸೋತು ಸುಣ್ಣವಾಗಿದ್ದವು. ಯಾಕೆಂದರೆ ಹೆಡ್‌ಲೈಟು, ಹಾರ್ನು, ಫ್ಯಾನು, ಫೋನ್ ಚಾರ್ಜರು, ಎಲ್ಲದರ ತಂತಿಯನ್ನೂ ನೀವು ಆ ಎರಡಕ್ಕೇ ಕಟ್ಟಿದ್ದಿರಿ. ಒಂದೊಂದೂ ಆರು ವೋಲ್ಟು, ಎರಡು ಸೇರಿದರೆ ಹನ್ನೆರಡು, ದೀಪಕ್ಕೆ ಅಷ್ಟು ಸಾಕು ಅನ್ನುವ ನಿಮ್ಮ ಲೆಕ್ಕ ಸರಿಯೇ. ಆದರೆ ಗಾಡಿ ಎಳೆಯುವಾಗ ಅವೂ ಉಳಿದ ನಾಲ್ಕರ ಸಮಕ್ಕೆ ದುಡಿಯಬೇಕು, ಅದರ ಮೇಲೆ ದೀಪದ ದುಡಿತವೂ ಅವಕ್ಕೇ. ಚಾರ್ಜಿಗೆ ಹಾಕಿದರೆ ನಾಲ್ಕು ಬೇಗ ತುಂಬುತ್ತವೆ, ಈ ಎರಡು ಅರೆಹೊಟ್ಟೆಯಲ್ಲೇ ಏಳುತ್ತವೆ. ಅವುಗಳ ಮೇಲೆ ಎಷ್ಟು ಕನಿಕರ ಬಂತೆಂದರೆ, ಎತ್ತಿದ ಸೀಟು ಹಿಡಿದುಕೊಂಡೇ ಅತ್ತುಬಿಟ್ಟೆ. ಬ್ಯಾಟರಿ ನೋಡಿ ಅತ್ತವಳು ಅಂತ ಹಡಗಿನಲ್ಲಿ ಯಾರಿಗೂ ಹೇಳಬೇಡಿ.

ಆ ಎರಡನ್ನು ಬಿಚ್ಚಿ ಬೇರೆಯಾಗಿ ಚಾರ್ಜ್ ಮಾಡಿದೆ, ಪುಣ್ಯಕ್ಕೆ ಚೇತರಿಸಿಕೊಂಡವು. ಆಮೇಲೆ ಒಂದು ಕನ್ವರ್ಟರ್ ತರಿಸಿದೆ. ಅಂಗೈ ಅಗಲದ ಡಬ್ಬಿ, ಆರೂ ಬ್ಯಾಟರಿಗಳಿಂದ ಒಟ್ಟಿಗೆ ಮೂವತ್ತಾರು ವೋಲ್ಟು ತೆಗೆದುಕೊಂಡು ಹನ್ನೆರಡು ಮಾಡಿ ಕೊಡುತ್ತದೆ. ಯಾರ ಮೇಲೂ ಹೆಚ್ಚು ಹೊರೆಯಿಲ್ಲ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂರಿಸಿದ್ದೇನೆ, ಕೀ ತೆಗೆದರೆ ದೀಪ, ಫ್ಯಾನು ಎಲ್ಲ ಆರಿಹೋಗುತ್ತವೆ. ಮೊದಲ ಸಲ ಒಂದು ಎಡವಟ್ಟು ಮಾಡಿದೆ, ನಗಬೇಡಿ. ದೀಪದ ತಂತಿಯೂ ಹಾರ್ನಿನ ತಂತಿಯೂ ಅದಲುಬದಲಾಗಿ, ದೀಪದ ಸ್ವಿಚ್ ಹಾಕಿದರೆ ಹಾರ್ನು ಬಾಯಿ ಬಡಿದುಕೊಳ್ಳತೊಡಗಿತು. ನಾನು ಹತ್ತು ಸಲ ಕೂಗಿದರೂ ಕೇಳದ ಅತ್ತೆಗೆ ಅದು ಕೇಳಿತು ನೋಡಿ. "ಟ್ಯಾಕ್ಸಿ ಬಂತು ಕಣೇ, ನಮ್ಮವನೇ ಇರ್ಬೇಕು, ಬಾಗಿಲು ತೆಗಿ" ಅಂತ ಒಳಗಿಂದ ಕೂಗಿದರು. ಬಾಗಿಲಿಗೆ ಬಂದು ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಆವತ್ತು ನಾವಿಬ್ಬರೂ ಟಿವಿ ಹಾಕಲಿಲ್ಲ.

ಎಲ್ಲ ಸರಿಮಾಡಿ ಮುಸ್ಸಂಜೆಯಲ್ಲಿ ಒಬ್ಬಳೇ ಮೈದಾನದ ಸುತ್ತ ಓಡಿಸಿದೆ. ಏರಿನಲ್ಲೂ ದೀಪ ಚೂರೂ ಮಂಕಾಗಲಿಲ್ಲ. "ನೋಡಿದ್ರಾ?" ಅಂತ ಪಕ್ಕದ ಸೀಟಿನ ಕಡೆ ತಿರುಗಿ ಜೋರಾಗಿಯೇ ಅಂದೆ. ಹುಲ್ಲಿಗೆ ನೀರು ಬಿಡುತ್ತಿದ್ದ ಮಾಲಿ ಯಾರ ಹತ್ತಿರ ಮಾತು ಅನ್ನುವ ಹಾಗೆ ನೋಡಿದ. ಫೋನಿನಲ್ಲಿ ಅಂತ ಸುಳ್ಳು ಹೇಳಿದೆ. ಫೋನು ಮನೆಯಲ್ಲಿತ್ತು. ನಿಮ್ಮನ್ನು ಬಿಟ್ಟು ಇರುವುದು ಅಭ್ಯಾಸವಾಗಿದೆ ಅಂತ ಎಲ್ಲರಿಗೂ ಹೇಳುತ್ತೇನೆ, ಆಗಿಲ್ಲ ರೀ. ಮೀಸೆ ಮ್ಯಾನೇಜರಿಗಂತೂ ಖುಷಿಯೋ ಖುಷಿ. ಕತ್ತಲಾದ ಮೇಲೂ ಆಟ ನಡೆಸುತ್ತಾರಂತೆ, ಎಲ್ಲ ಗಾಡಿಗೂ ಇದೇ ತರಹದ ದೀಪ ಬೇಕಂತೆ.

ಬೆನ್ನಿಗೆ ಪುಡಿ ಹಚ್ಚಿಕೊಳ್ಳಿ, ಕೈ ಎಟುಕದಿದ್ದರೆ ಕೋಣೆಯವರನ್ನು ಕೇಳಿ, ಸಂಕೋಚ ಬೇಡ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ನನ್ನ ಕಡೆಯಿಂದ ನೆನಪುಗಳು ಅಂತ ಬರೆದರೆ ತೀರಾ ಕಡಿಮೆಯಾಗುತ್ತದೆ, ಆದರೂ ಅದನ್ನೇ ಬರೆಯುತ್ತಿದ್ದೇನೆ.

ಇತಿ,
ನಿಮ್ಮ ಮನೆಯವಳು

ಇನ್ನೊಂದು ಮಾತು. ಅಂಚೆಯವರು ಗೇಟಿನ ಹತ್ತಿರ ಬಂದಿದ್ದಾರೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ನಿನ್ನೆ ಶೆಡ್ಡಿನ ಕೆಲಸವನ್ನು ಕಾಯಂ ಮಾಡಿದರು. "ನಿಮ್ಮನೆಯವರು ಬರೋದಾದ್ರೆ ಅವರ ಹೆಸರು ಹಾಕ್ತೀನಿ, ಏನಮ್ಮಾ?" ಅಂತ ಮ್ಯಾನೇಜರ್ ಕೇಳಿದರು. ನನ್ನ ಹೆಸರೇ ಹಾಕಿ ಅಂದೆ, ಹಾಕಿದರು. ಸಿಟ್ಟಿಗೆ ಮಾಡಿದ್ದಲ್ಲ ರೀ. ಕೆಲಸ ಎಲ್ಲಿಗೂ ಹೋಗುವುದಿಲ್ಲ ಅನ್ನುವ ಧೈರ್ಯದಲ್ಲೇ ನೀವು ಅಲ್ಲಿ ಉಳಿದಿದ್ದೀರಿ, ಆ ಧೈರ್ಯವನ್ನು ನಿಮಗೆ ಕೊಡುತ್ತಿದ್ದವಳು ನಾನೇ. ಇನ್ನು ಇಲ್ಲಿ ನಿಮ್ಮ ಕೆಲಸ ಕಾದಿಲ್ಲ. ನಾನು ಕಾದಿದ್ದೇನೆ. ಅಷ್ಟಕ್ಕೇ ಬರಬೇಕು ಅನ್ನಿಸಿದರೆ, ಸಹಿ ಹಾಕದೆ ಬನ್ನಿ.