ಬೂದಿಗೆ ತೆರೆಯುವ ಗೇಟು ಬೊಳ್ಳನಿಗೂ ತೆರೆಯಲಿ

ಖಾಡಿಯ ಜೆಟ್ಟಿಗಳ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಸಮುದ್ರದ ಉಬ್ಬರ ಇಳಿತ ಒಳನುಗ್ಗುವ ನಮ್ಮ ಖಾಡಿಯ ದಂಡೆಯಲ್ಲಿ ನೀವು ಕಟ್ಟಿಸಿದ ಹೊಸ ಜೆಟ್ಟಿಯ ಗೇಟಿಗೆ ಬೀಗ ಬಿದ್ದಿದೆ. ಆ ಬೀಗದ ದೆಸೆಯಿಂದ ನನ್ನ ಮುದಿ ನಾಯಿ ಬೊಳ್ಳ ದೋಣಿ ಹತ್ತಲಾರದೆ ಮನೆಯ ಮೂಲೆ ಹಿಡಿದಿದ್ದಾನೆ. ನನ್ನ ದೂರು ಇಷ್ಟೇ. ಒಂದು ನಾಯಿಯ ವಿಷಯಕ್ಕೆ ಊರಿಗೆಲ್ಲ ಕೇಳುವ ಹಾಗೆ ಪತ್ರ ಬರೆಯಬೇಕೇ ಎಂದು ನೀವು ನಗಬಹುದು. ನಿಮ್ಮ ಕಚೇರಿಯಲ್ಲಿ ಈಗಾಗಲೇ ನಕ್ಕಿದ್ದಾರೆ, ನೀವು ಬಾಕಿ ಉಳಿದಿದ್ದೀರಿ.

ನಾನು ಹರಿಣಾಕ್ಷಿ. ಹುಟ್ಟಿದ್ದು ಉಡುಪಿ ಕಡೆಯ ಒಂದು ಹೊಳೆ ಬದಿ, ಬದುಕಿದ್ದು ಡೊಂಬಿವಲಿಯಲ್ಲಿ, ದುಡಿದದ್ದು ಮುಂಬಯಿಯ ಒಂದು ವಿಮಾ ಕಚೇರಿಯಲ್ಲಿ. ನೌಕರಿಯ ಕಾಲವೆಲ್ಲ ಫಾಸ್ಟ್ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಒಂದು ಕಾಲಿನ ಮೇಲೆ ನಿಂತು, ಪರರ ಟಿಫಿನ್ ಚೀಲವನ್ನು ಪಕ್ಕೆಗೆ ಚುಚ್ಚಿಸಿಕೊಂಡು ಹೋಗಿ ಬಂದೆ. ಮುಂಬ್ರಾ ದಾಟುವಾಗ ಯಾರದೋ ಕಂಕುಳ ಸಂದಿಯಿಂದ ಖಾಡಿಯ ನೀರು ಒಂದು ಚೂರು ಕಾಣುತ್ತಿತ್ತು. ನಿವೃತ್ತಿಯಾದ ಮೇಲೆ ಆ ನೀರಿನ ಮೇಲೆ ಒಬ್ಬಳೇ ಕೂತು, ಯಾರ ಮೊಣಕೈಯೂ ತಾಗದೆ ಹೋಗಬೇಕೆಂದು ಆಗಲೇ ನಿಶ್ಚಯ ಮಾಡಿದ್ದೆ. ಹಾಗೇ ಮಾಡಿದೆ. ಮರಳು ತೆಗೆಯುವವರು ಬಿಟ್ಟುಬಿಟ್ಟಿದ್ದ ಒಂದು ಹಳೆಯ ಸಣ್ಣ ದೋಣಿಯನ್ನು ಕೊಂಡು, ಅದಕ್ಕೆ ತಗಡಿನ ಮಾಡು ಹಾಕಿಸಿ, ಮೋಟಾರು ಕೂಡಿಸಿ, ಒಂದು ಸ್ಟೌ, ಒಂದು ಚಾಪೆ ಇಟ್ಟುಕೊಂಡೆ. ನನ್ನ ತಂಗಿಯ ಮಗಳು ದಿಶಾ ಅದನ್ನು ನೋಡಿ, "ದೊಡ್ಡಮ್ಮ, ಪಾಗಲ್ ಹೋ ಗಯೀ ಹೋ ಕ್ಯಾ?" ಎಂದಳು. ಹುಚ್ಚು ಹಿಡಿದದ್ದು ಹೌದು. ಆದರೆ ಕಾಗದಪತ್ರದ ಹುಚ್ಚನ್ನೂ ಬಿಟ್ಟವಳಲ್ಲ. ದೋಣಿಗೆ ನೋಂದಣಿ ಇದೆ, ನನಗೆ ಲೈಫ್ ಜಾಕೆಟ್ ಇದೆ, ಬೊಳ್ಳನಿಗೂ ಟೈಲರ್ ಕೈಯಲ್ಲಿ ಒಂದನ್ನು ಹೊಲಿಸಿದ್ದೇನೆ.

ಬೊಳ್ಳ ಎಂದರೆ ನಮ್ಮ ತುಳುವಿನಲ್ಲಿ ಬಿಳಿಯ. ಸ್ಟೇಷನ್ ಸೇತುವೆಯ ಮೆಟ್ಟಿಲಲ್ಲಿ ಮಳೆಗೆ ತೊಯ್ದು ನಡುಗುತ್ತಿದ್ದ ಮರಿ. ಈಗ ಅವನಿಗೆ ಹದಿನಾಲ್ಕು ವರ್ಷ. ಹಿಂಗಾಲುಗಳು ಸೋತಿವೆ, ಕಣ್ಣಿಗೆ ಪೊರೆ ಬಂದಿದೆ. ಬೀದಿಗೆ ಕರೆದುಕೊಂಡು ಹೋದರೆ ನಾಲ್ಕು ಹೆಜ್ಜೆ ಇಟ್ಟು ಕೂತುಬಿಡುತ್ತಾನೆ, ಹಿಂದಿನಿಂದ ರಿಕ್ಷಾದವರು ಹಾರ್ನ್ ಹೊಡೆಯುತ್ತಾರೆ. ದೋಣಿಯಲ್ಲಿ ಮಾತ್ರ ಅವನು ಮುದುಕನಲ್ಲ. ಅಲ್ಲಿ ಅವನು ನಡೆಯಬೇಕಾಗಿಲ್ಲ, ಮುಂದುಗಡೆ ಮಲಗಿ ಮೂಗು ಎತ್ತಿದರೆ ಸಾಕು, ಊರುಗಳೇ ಅವನ ಬಳಿಗೆ ಬರುತ್ತವೆ. ಒಣಮೀನು, ಇಟ್ಟಿಗೆ ಭಟ್ಟಿಯ ಹೊಗೆ, ನೀರಂಚಿನ ಕಾಂಡ್ಲಾ ಗಿಡಗಳ ಕೆಸರು, ಯಾರದೋ ಅಡುಗೆಮನೆಯ ಒಗ್ಗರಣೆ, ಎಲ್ಲವನ್ನೂ ಮೂಸಿ ನೋಡಿ ಒಪ್ಪಿಗೆ ಕೊಡುತ್ತಾನೆ. ನಾವು ಕಲ್ಯಾಣದ ಕಡೆಗೂ ಹೋಗಿದ್ದೇವೆ, ಠಾಣೆಯ ಕಡೆಗೂ ಹೋಗಿದ್ದೇವೆ. ಎಲ್ಲಿಗೆ, ಯಾಕೆ ಎಂದು ಜನ ಕೇಳುತ್ತಿದ್ದರು, ಬೊಳ್ಳನಿಗೆ ಆ ಪ್ರಶ್ನೆಯೇ ಇರಲಿಲ್ಲ.

ಈಗಿನ ಜೆಟ್ಟಿಯ ಜಾಗದಲ್ಲಿ ಮೊದಲು ಕಲ್ಲಿನ ಮೆಟ್ಟಿಲುಗಳ ಹಳೆಯ ಘಾಟ್ ಇತ್ತು. ಬೊಳ್ಳ ಮೆಟ್ಟಿಲಲ್ಲಿ ನಿಂತು ನಿಂತು ಇಳಿದು ದೋಣಿಗೆ ಬರುತ್ತಿದ್ದ. ನೀವು ಅದನ್ನು ಒಡೆಸಿ ಜೆಟ್ಟಿ ಕಟ್ಟಿಸಿದಿರಿ. ಚೆನ್ನಾಗಿಯೇ ಕಟ್ಟಿಸಿದ್ದೀರಿ, ಸುಳ್ಳು ಹೇಳಲಾರೆ. ಗಾಲಿಕುರ್ಚಿಯೂ ಇಳಿಯುವಂಥ ಇಳಿಜಾರು, ಎರಡು ಬದಿ ಹಿಡಿಕೆ, ರಸ್ತೆಯ ಕಡೆ ಒಂದು ಗೇಟು, ನೀರಿನ ಕಡೆ ಒಂದು ಗೇಟು. ಕಟ್ಟಿ ಮುಗಿಯುವ ಮೊದಲೇ ನಮ್ಮ ಕನ್ನಡ ಸಂಘದವರು ನಿಮ್ಮನ್ನು ಕರೆದು ಪೇಟ ತೊಡಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ಕೆಲಸ ಆಗುವ ಮುಂಚೆ ಸನ್ಮಾನ ಮಾಡಿ ಮುಗಿಸುವುದು ನಮ್ಮವರ ರೋಗ. ಸನ್ಮಾನ ಪತ್ರ ಬರೆದವಳು ನಾನೇ. ಅದರಲ್ಲಿ ನಿಮ್ಮನ್ನು ಭಗೀರಥ ಎಂದಿದ್ದೆ. ನೀವು ಮೈಕಿನ ಮುಂದೆ ನಿಂತು, "ಖಾಡಿ ಜನರದ್ದು, ನಾನು ಬರೀ ಕಾವಲುಗಾರ" ಎಂದು ನಮ್ಮೆಲ್ಲರ ಮೂಗಿಗೆ ತುಪ್ಪ ಸವರಿದಿರಿ. ಭಗೀರಥ ಗಂಗೆಯನ್ನು ತಂದದ್ದು ಸತ್ತವರ ಬೂದಿಗಾಗಿ ಎಂಬುದು ಆ ಹೊತ್ತಿಗೆ ನನಗೆ ನೆನಪಿರಲಿಲ್ಲ, ನೀವು ಅದನ್ನು ಚಾಚೂ ತಪ್ಪದೆ ಪಾಲಿಸುತ್ತೀರಿ ಎಂದೂ ಗೊತ್ತಿರಲಿಲ್ಲ.

ಯಾಕೆಂದರೆ ಜೆಟ್ಟಿ ತಯಾರಾದ ಮೇಲೆ ಉದ್ಘಾಟನೆಗೆ ದೊಡ್ಡವರ ತಾರೀಖು ಸಿಗಲಿಲ್ಲ. ಪೆಂಡಾಲ್ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಅಷ್ಟರಲ್ಲಿ ಅಸ್ಥಿ ಬಿಡುವವರು ಬಂದು, ಹಳೆ ಘಾಟ್ ಒಡೆದಿರಿ, ನಮ್ಮವರ ಬೂದಿಯನ್ನು ಎಲ್ಲಿಗೆ ಒಯ್ಯಬೇಕು ಎಂದು ಗಲಾಟೆ ಮಾಡಿದರು. ಅದು ನ್ಯಾಯವೇ. ನೀವು ಕೂಡಲೇ ಒಂದು ಫಲಕ ಹಾಕಿಸಿದಿರಿ: ಉದ್ಘಾಟನೆಯವರೆಗೆ ಮೂರ್ತಿ ಮತ್ತು ಅಸ್ಥಿ ವಿಸರ್ಜನೆಗೆ ಮಾತ್ರ ಪ್ರವೇಶ. ಅಂದರೆ ರಿಬ್ಬನ್ ಕತ್ತರಿಸದ ಜೆಟ್ಟಿಯ ಮೇಲೆ ದೇವರು ನಡೆಯಬಹುದು, ಸತ್ತವರು ನಡೆಯಬಹುದು. ಉಸಿರಾಡುವವರು ನಡೆದರೆ ಮಾತ್ರ ಅದು ಮೈಲಿಗೆಯಾಗುತ್ತದೆಯೇ?

ನನ್ನ ದೋಣಿ ಪಕ್ಕದ ಕೆಸರಿನಲ್ಲಿ ಮೀನುಗಾರರ ದೋಣಿಗಳ ಜೊತೆ ಕಟ್ಟಿದೆ. ಕೆಸರು ತುಳಿದುಕೊಂಡು ನಾನು ಹೇಗೋ ಹೋದೇನು, ಬೊಳ್ಳ ಹೋಗಲಾರ. ಅವನನ್ನು ಎತ್ತಿಕೊಂಡು ಹೋಗಲು ನನ್ನ ಮಂಡಿ ಬಿಡುವುದಿಲ್ಲ. ಹಾಗಾಗಿ ಅವನನ್ನು ಸಣ್ಣ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ದಿನಾ ಗೇಟಿನವರೆಗೆ ಹೋಗಿ, ನೀರಿನ ಗಾಳಿ ಕುಡಿಸಿ ವಾಪಸು ತರುತ್ತಿದ್ದೆ. ಒಂದು ಬೆಳಿಗ್ಗೆ ಒಂದು ಕುಟುಂಬ ಮಡಕೆ ಹಿಡಿದು ಬಂತು. ಕಾವಲುಗಾರ ಗೇಟು ತೆರೆದು ನನ್ನತ್ತ ತಿರುಗಿ, "ಮೇಡಮ್, ಆಪ್ ಕಾ ಅಸ್ಥಿ ಹೈ ಕ್ಯಾ? ನಹೀಂ ನಾ? ಫಿರ್ ಪೀಛೇ" ಎಂದ. ಅಸ್ಥಿ ಇಲ್ಲದವಳು ಹಿಂದೆ ಸರಿಯಬೇಕಿತ್ತು. ಆ ಕುಟುಂಬದ ಹುಡುಗಿ, ಸ್ನೇಹಲ್ ಎಂದು ಆಮೇಲೆ ಹೆಸರು ತಿಳಿಯಿತು, ನನ್ನ ಕೈ ಹಿಡಿದು, "ಮಾವಶಿ ಆಮಚ್ಯಾಸೋಬತ್ ಆಹೇತ್" ಎಂದಳು. ಇವರು ನಮ್ಮ ಜೊತೆಯವರು ಎಂದು ಹಾಗೆ ಒಂದೇ ಮಾತಿನಲ್ಲಿ ನನ್ನನ್ನು ಮಡಕೆಯಲ್ಲಿದ್ದ ತನ್ನ ಅಜ್ಜನ ಬಳಗಕ್ಕೆ ಸೇರಿಸಿಬಿಟ್ಟಳು. ನಾನು ಕಂಡರಿಯದ ಆ ಹಿರಿಯರಿಗೆ ನಾನೂ ಬೊಳ್ಳನೂ ಕೈಮುಗಿದೆವು, ಅಂದರೆ ನಾನು ಮುಗಿದೆ, ಅವನು ಬಾಲ ಆಡಿಸಿದ. ಸ್ನೇಹಲ್ ಅವನ ಪಟ್ಟಿ ಹಿಡಿದುಕೊಂಡು ನಿಂತಳು, ನಾನು ಹೋಗಿ ದೋಣಿಯನ್ನು ಇಳಿಜಾರಿನ ಬುಡಕ್ಕೆ ತಂದೆ. ಬೊಳ್ಳ ತನ್ನ ಕಾಲಿನ ಮೇಲೆ ತಾನೇ ನಡೆದು ಬಂದು ದೋಣಿ ಹತ್ತಿದ.

ಆ ದಿನದ ಸುಖವನ್ನು ನಿಮಗೆ ಹೇಗೆ ಹೇಳಲಿ? ಕೋಪರ್ ಸ್ಟೇಷನ್ನಿನ ಆಚೆಯ ರೈಲು ಸೇತುವೆಯ ಕೆಳಗೆ ಮೋಟಾರು ನಿಲ್ಲಿಸಿ ಗಂಜಿ ಬೇಯಿಸಿದೆ. ಮೇಲೆ ಗಾಡಿ ಗಡಗಡ ಎಂದು ಹೋಯಿತು, ಬೊಳ್ಳ ತಲೆ ಎತ್ತಿ ಒಮ್ಮೆ ಬೊಗಳಿದ. ಅವನ ಬೊಗಳು ಕೇಳಿ ಎಷ್ಟೋ ಕಾಲವಾಗಿತ್ತು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಇಳಿತ ಶುರುವಾಗುವಾಗ ಮರಳಿ ಬಂದೆವು. ನೀರಿನ ಕಡೆಯ ಗೇಟಿಗೆ ಬೀಗ. ಪಾಳಿ ಬದಲಾಗಿ ಬಂದಿದ್ದ ಬೇರೆ ಕಾವಲುಗಾರ ಸರಳಿನ ಆಚೆ ನಿಂತು, ಇಲ್ಲಿಂದ ಯಾವ ದೋಣಿಯೂ ಹೋಗಿಲ್ಲ, ಹೋಗದ ದೋಣಿ ಬರುವುದು ಹೇಗೆ ಎಂದು ಕೇಳಿದ. ನಾನು ಬೇಡಿದೆ, ಬೈದೆ, ಮತ್ತೆ ಬೇಡಿದೆ. ಸಾಹೇಬರ ಆರ್ಡರ್ ಎಂದ. ಸಾಹೇಬರು ನೀವು. ನೀರು ಇಳಿಯುತ್ತಲೇ ಇತ್ತು. ಕೊನೆಗೆ ದೋಣಿಯನ್ನು ಕೆಸರಿಗೇ ತಂದು, ಬೊಳ್ಳನನ್ನು ಹೆಗಲಿಗೆ ಹಾಕಿಕೊಂಡು ಇಳಿದೆ. ತೊಡೆಯವರೆಗೆ ಹೂತುಹೋದೆ. ಅವನು ನನ್ನ ಕೈ ತಪ್ಪಿ ಕೆಸರಿಗೆ ಬಿದ್ದ, ಏಳಲು ಒದ್ದಾಡಿ ಹಿಂಗಾಲು ತಿರುಚಿಕೊಂಡ. ನನ್ನ ಮುಖ ನೋಡಿದ, ಅಷ್ಟೇ. ಮೀನುಗಾರರು ಹಲಗೆ ಹಾಕಿ ನಮ್ಮಿಬ್ಬರನ್ನೂ ಎಳೆದುಕೊಂಡರು. ಗೇಟಿನ ದೀಪ ಉರಿಯುತ್ತಿತ್ತು, ಖಾಲಿ ಇಳಿಜಾರು ಹೊಳೆಯುತ್ತಿತ್ತು.

ಕಾಲಿಗೆ ಪಟ್ಟಿ ಕಟ್ಟಿದ ಪಶುವೈದ್ಯೆ ವೇದಾವತಿ ನಮ್ಮ ಕಡೆಯವರೇ. "ಅಕ್ಕಾ, ಕಾಲು ಸರಿಯಾದೀತು. ಆದರೆ ಹೃದಯ ದೊಡ್ಡದಾಗಿದೆ. ಈ ಮಳೆಗಾಲ ದಾಟುವುದು ಕಷ್ಟ ಉಂಟು. ಅವನಿಗೆ ಏನು ಇಷ್ಟವೋ ಅದನ್ನು ಮಾಡಿಸಿ" ಎಂದರು. ಮಳೆ ಬಂದರೆ ಖಾಡಿಯಲ್ಲಿ ನನ್ನಂಥ ದೋಣಿ ಇಳಿಯುವಂತಿಲ್ಲ. ಅವನಿಗೆ ಇಷ್ಟವಾದದ್ದು ನಿಮ್ಮ ಬೀಗದ ಆಚೆ ಇದೆ.

ಅದಕ್ಕೇ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ, ನಾಯಿಯ ವಿಷಯ ಎಂದದ್ದಕ್ಕೆ ಹೊರಗಿನ ಮೇಜಿನವರು ನಕ್ಕರು. ಮಾತಿಗೆ ಸಿಕ್ಕಿದ್ದು ನಿಮ್ಮ ಗುಮಾಸ್ತರೊಬ್ಬರು, ವಿಜಯಪುರದ ಕಡೆಯವರು. ಹೆಸರು ಬರೆಯುವುದಿಲ್ಲ, ನನ್ನಿಂದ ಅವರ ನೌಕರಿಗೆ ತೊಂದರೆ ಬೇಡ. ಕನ್ನಡ ಕೇಳಿ ಕುರ್ಚಿ ಕೊಟ್ಟರು, ಚಹಾ ತರಿಸಿದರು, ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಬಾಯಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಜೀವಂತ ನಾಯಿಗೆ ನಮ್ಮ ಕಡೆ ಯಾವ ನಿಯಮಾನೂ ಇಲ್ರಿ. ಅದು ತೀರಿಕೊಂಡ ಮ್ಯಾಲೆ ಬರ್ರಿ, ಅಸ್ಥಿ ಅಂತ ನಾ ಬಿಡಸ್ತೀನಿ, ಯಾರದು ಅಂತ ಯಾರೂ ಕೇಳೂದಿಲ್ರಿ" ಎಂದರು. ಮಾನ್ಯರೇ, ಅವರು ಅದನ್ನು ಕುಹಕದಿಂದ ಹೇಳಲಿಲ್ಲ. ನಿಮ್ಮ ಕಚೇರಿಯಲ್ಲಿ ಕರುಣೆ ಎಂಬುದು ಉಳಿದಿದ್ದರೆ ಅದು ಇಷ್ಟು ಎಂದು ತೋರಿಸಿದರು. ನಾನು ಚಹಾ ಬಿಟ್ಟು ಎದ್ದು ಬಂದೆ.

ಸಂಘದ ಕಾರ್ಯದರ್ಶಿ ಮುರಾರಿಗೆ ಹೇಳಿದರೆ ಅವರು ಇನ್ನೂ ಉದಾರಿ. "ಹರಿಣಾಕ್ಷಿಯಕ್ಕ, ಸುಮ್ಮನೆ ತಲೆಬಿಸಿ ಮಾಡ್ಬೇಡಿ ಮಾರಾಯ್ರೆ. ಅವರನ್ನೇ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಮಾಡುವ. ಊಟ ಆದ ಮೇಲೆ ಮೆಲ್ಲ ಕಿವಿಗೆ ಹಾಕುವ" ಎಂದರು. ವಾರ್ಷಿಕೋತ್ಸವ ಡಿಸೆಂಬರಿನಲ್ಲಿ. ಬೊಳ್ಳನಿಗೆ ಡಿಸೆಂಬರ್ ಇಲ್ಲ ಎಂದೆ. ಮುರಾರಿ ಮುಖ್ಯ ಅತಿಥಿಯ ಹೆಸರನ್ನು ಮಾತ್ರ ಬದಲಿಸಲಿಲ್ಲ, ಅದು ಇನ್ನೂ ನಿಮ್ಮದೇ.

ನಾನು ಹೊಸ ನಿಯಮ ಕೇಳುತ್ತಿಲ್ಲ. ನಾಯಿಗಳಿಗೊಂದು ಜೆಟ್ಟಿ ಕಟ್ಟಿಸಿ ಎನ್ನುತ್ತಿಲ್ಲ. ಕಟ್ಟಿದ್ದನ್ನು ತೆರೆಯಿರಿ. ರಿಬ್ಬನ್ ಬೇಕಿದ್ದರೆ ಯಾವಾಗಲಾದರೂ ಕಟ್ಟಿಕೊಳ್ಳಿ, ಅದರ ಕೆಳಗೆ ತೂರಿಹೋಗುವಷ್ಟು ಬೊಳ್ಳ ಕುಳ್ಳಗಿದ್ದಾನೆ. ಮೀನುಗಾರರ ಹೆಂಗಸರು ಬುಟ್ಟಿ ಹೊತ್ತು ಅದೇ ಕೆಸರಿನಲ್ಲಿ ಇಳಿಯುತ್ತಾರೆ, ಅವರಿಗೂ ತೆರೆಯಿರಿ. ಬದುಕಿರುವವರು ಕಾಲಿಟ್ಟರೆ ಸವೆದುಹೋಗುವಷ್ಟು ತೆಳುವಾಗಿ ಕಟ್ಟಿಸಿದ್ದೀರಾ?

ಬರುವ ಭಾನುವಾರ ಬೆಳಿಗ್ಗೆ ಉಬ್ಬರದ ನೀರು ಏರುವಾಗ ನಾನು ಗೇಟಿನ ಬಳಿ ಇರುತ್ತೇನೆ. ತಳ್ಳುಗಾಡಿಯಲ್ಲಿ ಬೊಳ್ಳ ಇರುತ್ತಾನೆ, ಕೈಯಲ್ಲಿ ಮಡಕೆ ಇರುವುದಿಲ್ಲ. ಅಂದು ಬೀಗ ತೆಗೆಸಿ. ಅಂದಲ್ಲದಿದ್ದರೆ ಮಳೆ ಬೀಳುವ ಮುಂಚಿನ ಯಾವ ದಿನವಾದರೂ ಸರಿ, ನಾವು ದಿನಾ ಬರುತ್ತೇವೆ. ಮಳೆಗಾಲ ಕಳೆದು ನಾನು ಒಬ್ಬಳೇ ಮಡಕೆ ಹಿಡಿದು ಬಂದರೆ ನಿಮ್ಮ ಕಾವಲುಗಾರ ಒಂದು ಮಾತೂ ಕೇಳದೆ ಎರಡೂ ಗೇಟು ತೆರೆಯುತ್ತಾನೆ, ಬಲ್ಲೆ. ಅಂದು ನನಗೆ ನಿಮ್ಮ ಜೆಟ್ಟಿ ಬೇಡ. ಅವನನ್ನು ನಾನು ಕೆಸರು ತುಳಿದೇ ಒಯ್ಯುತ್ತೇನೆ, ಅಷ್ಟು ಹೊತ್ತಿಗೆ ಅವನ ಭಾರ ನನಗೆ ಹೊರುವಷ್ಟೇ ಆಗಿರುತ್ತದೆ.

ಇಂತಿ,
ಇನ್ನೂ ಜೀವಂತ ನಾಯಿಯ ಜೊತೆ ಬರುವ ತಪ್ಪಿಗೆ ಗೇಟಿನ ಹೊರಗಿರುವ
ಹರಿಣಾಕ್ಷಿ
ಡೊಂಬಿವಲಿ ಪಶ್ಚಿಮ