ಮೊದಲ ಪರದೆಯ ಎರಡು ಗುಂಡಿ

ವಿಡಿಯೋ ಗೇಮ್ ಕಂಪನಿಯ ದೊಡ್ಡವರಿಗೆ ನಮಸ್ಕಾರ.

ಆಸ್ಪತ್ರೆಯವರು ನಮ್ಮ ಸಾಮಾನನ್ನೆಲ್ಲ ಬೀದಿಗೆ ಹಾಕಿದ ಹಾಗೆ ಕನಸು ಬಿತ್ತು. ನಿಮ್ಮಿಂದಾಗಿ ಅದು ನಿಜವಾಗುವ ಹಾಗಿದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟ, ಗೇಮ್ ರಿಮೋಟು ರಿಪೇರಿ ಮಾಡುವವಳು. ಒಂದು ಕೈ ಕಳೆದುಕೊಂಡವರೂ ಆಡಲಿ ಎಂದು ರಿಮೋಟಿಗೆ ಪಟ್ಟಿ ಹೊಲಿದು ತೊಡೆಗೆ ಕಟ್ಟಿಕೊಡುವ ಸೇವಾ ಸಂಸ್ಥೆ ಶುರುಮಾಡಿ ಎರಡೇ ತಿಂಗಳಾಯಿತು. ನೀವು ಗೇಮನ್ನು ದಾನ ಕೊಟ್ಟಿರಿ, ಫೋಟೋಗೂ ನಿಂತಿರಿ. ನಿನ್ನೆ ಆಸ್ಪತ್ರೆಯ ವಾರ್ಡಿನಲ್ಲಿ ಹಾಕಿದರೆ, ರಿಮೋಟಿನ ಎರಡು ತುದಿಯ ಗುಂಡಿಗಳನ್ನು ಒಟ್ಟಿಗೆ ಒತ್ತದೆ ಮೊದಲ ಪರದೆಯೇ ದಾಟುವುದಿಲ್ಲ.

ಅಲ್ಲಿ ಒಂದು ಕೈ ಕಳೆದುಕೊಂಡು ಮಲಗಿರುವ ಲಾರಿ ಡ್ರೈವರಣ್ಣ ಬಗ್ಗಿ, ಎರಡನೇ ಗುಂಡಿಯನ್ನು ಗಲ್ಲದಿಂದ ಒತ್ತಲು ನೋಡಿ ಸೋತರು. "ಇನ್ನೊಂದ್ ಕೈ ಇದ್ದಿದ್ರೆ ಲಾರೀನೇ ಓಡಿಸ್ತಿದ್ನಲ್ಲಮ್ಮ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

"ಸೋಮವಾರದೊಳಗೆ ಸರಿಮಾಡು, ಇಲ್ಲಾಂದ್ರೆ ಎಲ್ಲಾ ಎತ್ಕೊಂಡು ಹೋಗು" ಎಂದರು ನರ್ಸಮ್ಮ. ನಮಗೆ ಸಿಕ್ಕಿದ್ದು ಇದೊಂದೇ ವಾರ್ಡು.

ನಿಮ್ಮ ಆಫೀಸಿಗೆ ಫೋನ್ ಮಾಡಿದೆ. "ನಮ್ಮವರು ನೋಡಿದ್ದಾರೆ, ಸರಿಯಾಗೇ ಇದೆ" ಎಂದು ಇಟ್ಟುಬಿಟ್ಟರು. ಎರಡು ಕೈಯಲ್ಲಿ ನೋಡಿದವರಿಗೆ ಸರಿಯಾಗೇ ಇರುತ್ತದೆ.

ದಯವಿಟ್ಟು ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಆ ಮೊದಲ ಪರದೆಯನ್ನು ನೀವೇ ಇನ್ನೊಂದು ಸಲ ನೋಡಿ.

ಸೋಮವಾರದವರೆಗೆ ಕಾಯುವ,
ಪಟ್ಟಿ ಹೊಲಿಯುವವಳು